ಅಳತೆ ಪುಸ್ತಕದ ಕೊನೆಯ ಹಾಳೆಗಳು

ಕೊಡಗಿನ ಸುಂಟಿಕೊಪ್ಪದ ಹತ್ತಿರ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಎರಡು ಮೆಷಿನ್, ಒಂದು ಇಸ್ತ್ರಿ ಮೇಜು, ಬಾಗಿಲ ಪಕ್ಕ ಉದ್ದನೆಯ ಬೆಂಚು. ಜೂನ್ ಬಂತೆಂದರೆ ಆ ಬೆಂಚಿನಲ್ಲಿ ಜಾಗ ಇರುವುದಿಲ್ಲ. ಯೂನಿಫಾರ್ಮ್ ಹೊಲಿಸಲು ಬಂದ ಮಕ್ಕಳು, ಅವರ ಅಮ್ಮಂದಿರು, ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಬಂದ ಅಜ್ಜಂದಿರು, ಮಳೆ ಸ್ವಲ್ಪ ಬಿಡಲಿ ಎಂದು ಸುಮ್ನೆ ಕೂತವರು. ನಮ್ಮ ಕಡೆ ಮಳೆ ಬಿಡಲಿ ಎಂದು ಕೂತರೆ ಎಷ್ಟು ಹೊತ್ತು ಬೇಕಾದರೂ ಆಗಬಹುದು.

ಎರಡು ವರ್ಷದ ಹಿಂದೆ ಅಂಥದ್ದೇ ಒಂದು ಜೂನ್‌ನಲ್ಲಿ ಮನೆಯ ಅಟ್ಟದಿಂದ ಮಾವನವರ ಟ್ರಂಕ್ ಇಳಿಸಿದೆವು. ಅವರು ತೀರಿಕೊಂಡು ಆಗ ಒಂದು ವರ್ಷ. ಮಾವ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದವರು. ಹಗಲೆಲ್ಲ ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ-ಸಂಬಳದ ಪುಸ್ತಕ, ಬರೆಯುವುದು, ರಾತ್ರಿ ಊಟ ಆದಮೇಲೆ ಓದುವುದು. ಟ್ರಂಕಿನಲ್ಲಿ ಅರವತ್ತಕ್ಕೂ ಜಾಸ್ತಿ ಪುಸ್ತಕಗಳಿದ್ದವು. ಒಲೆಯ ಮೇಲಿನ ಅಟ್ಟ, ಹಾಗಾಗಿ ಹೊಗೆ ಕುಡಿದು ಹಾಳೆಗಳೆಲ್ಲ ಕಂದಾಗಿದ್ದವು. ಆದರೆ ಒಂದಕ್ಕೂ ಬೂಷ್ಟು ಹಿಡಿದಿರಲಿಲ್ಲ. ಕೊಡಗಿನ ಮಳೆಗಾಲದಲ್ಲಿ ಗೋಡೆ ಕಪಾಟಿನಲ್ಲಿಟ್ಟ ಪುಸ್ತಕ ನೋಡನೋಡುತ್ತ ಬೆಳ್ಳಗಾಗಿಬಿಡುತ್ತದೆ. ಮಾವನಿಗೆ ಅದು ಗೊತ್ತಿತ್ತು.

ಅದರಲ್ಲಿ ಇಪ್ಪತ್ತು ಪುಸ್ತಕ ಆರಿಸಿ ಅಂಗಡಿಗೆ ತಂದೆ. ಬೆಂಚಿನ ಮೇಲೆ ಒಂದು ಹಲಗೆ ಹೊಡೆಸಿ ಜೋಡಿಸಿಟ್ಟೆ. ಬೇರೆ ಯಾವ ಯೋಚನೆಯೂ ಆಗ ಇರಲಿಲ್ಲ. ಕಾಯುವವರು ಮೊಬೈಲ್ ನೋಡುವ ಬದಲು ಒಂದು ಪುಟ ಓದಲಿ ಅಂತ ಅಷ್ಟೇ.

ಒಂದು ವಾರದಲ್ಲಿ ನಾಲ್ಕು ಪುಸ್ತಕ ಕಾಣಲಿಲ್ಲ. ಹದಿನೈದು ದಿನ ಕಳೆದು ನಾಲ್ಕೂ ವಾಪಸ್ ಬಂದವು. ತಂದುಕೊಟ್ಟ ಪ್ರತಿಯೊಬ್ಬರೂ ಕೌಂಟರ್ ಹತ್ತಿರ ಒಂದು ನಿಮಿಷ ನಿಂತರು. ಏನೋ ಹೇಳಬೇಕು ಎಂದು ಬಾಯಿ ತೆರೆದು, "ಚೆನ್ನಾಗಿದೆ ಅಕ್ಕ" ಎಂದಷ್ಟೇ ಹೇಳಿ ಹೋದರು. ಆ ಒಂದು ನಿಮಿಷ ನನ್ನ ತಲೆಯಲ್ಲಿ ಉಳಿಯಿತು. ಓದಿದವರ ಹತ್ತಿರ ಮಾತು ಇತ್ತು. ಅದನ್ನು ಹೇಳಲು ಜಾಗ ಇರಲಿಲ್ಲ. ನಮ್ಮಲ್ಲಿ ಯಾರೂ ಓದುವುದಿಲ್ಲ ಎಂದು ಎಲ್ಲರ ಹಾಗೆ ನಾನೂ ಅಂದುಕೊಂಡಿದ್ದೆ. ಓದುತ್ತಾರೆ. ಓದಿದ್ದು ಹೇಗಿತ್ತು ಎಂದು ಅವರನ್ನು ಯಾರೂ ಕೇಳಿಲ್ಲ.

ಜುಲೈ ಎರಡನೇ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಬನ್ನಿ ಎಂದು ಎಲ್ಲರಿಗೂ ಹೇಳಿದೆ. ಹನ್ನೊಂದು ಜನ ಬಂದರು. ಮೂವರು ಮಕ್ಕಳು, ಒಬ್ಬಳು ಕಾಲೇಜು ಹುಡುಗಿ, ಮಿಲಿಟರಿಯಲ್ಲಿದ್ದು ನಿವೃತ್ತಿಯಾದ ಒಬ್ಬ ಅಜ್ಜ, ಉಳಿದವರು ನನ್ನ ವಯಸ್ಸಿನ ಹೆಂಗಸರು. ಒಬ್ಬೊಬ್ಬರೂ ಇಷ್ಟವಾದ ಪುಸ್ತಕದ ಬಗ್ಗೆ ಹೇಳಬೇಕು ಎಂದೆ. ಅಜ್ಜ ಎದ್ದು ನಿಂತು ಒಂದು ಕಾದಂಬರಿಯ ಇಡೀ ಕಥೆ ಹೇಳಿದರು, ಮೊದಲಿನಿಂದ ಕೊನೆಯವರೆಗೆ. ನಲವತ್ತು ನಿಮಿಷ ಹಿಡಿಯಿತು. ಮಕ್ಕಳು ಹೊರಗೆ ಹೋಗಿ ನೀರಿನಲ್ಲಿ ಆಡಿದರು. ಆಮೇಲೆ ಯಾರಿಗೂ ಆ ಕಾದಂಬರಿ ಓದುವ ಆಸೆ ಉಳಿಯಲಿಲ್ಲ. ಕೊನೆ ಗೊತ್ತಾಯಿತಲ್ಲ! ಮಿಕ್ಕವರೆಲ್ಲ "ನಂದೂ ಚೆನ್ನಾಗಿತ್ತು" ಎಂದು ಮುಗಿಸಿದರು.

ಆಗಸ್ಟ್‌ನಲ್ಲಿ ನಾನು ಇನ್ನೂ ದೊಡ್ಡ ತಪ್ಪು ಮಾಡಿದೆ. ಮಕ್ಕಳು ಮಾತಾಡುತ್ತಿಲ್ಲ, ಬರೆಯಲಿ ಎಂದು ಒಂದು ಹಾಳೆ ತಯಾರು ಮಾಡಿ ಜೆರಾಕ್ಸ್ ಮಾಡಿಸಿದೆ. ಲೇಖಕರ ಹೆಸರು, ಸಾರಾಂಶ, ಪಾತ್ರಗಳು, ಕಥೆಯ ನೀತಿ. ಹಾಳೆ ಕೈಗೆ ಕೊಟ್ಟಾಗ ಆ ಮಕ್ಕಳ ಮುಖ ನೋಡಬೇಕಿತ್ತು. ಹೋಂವರ್ಕ್ ಕೊಟ್ಟ ಹಾಗೆ ಆಯಿತು. ಮುಂದಿನ ಸಲ ಇಬ್ಬರು ಬರಲೇ ಇಲ್ಲ. ನನಗೆ ತುಂಬ ಬೇಸರವಾಯಿತು. ಪುಸ್ತಕ ಹಿಡಿದು ಖುಷಿಯಾಗಿ ಬಂದ ಮಕ್ಕಳನ್ನು ನಾನೇ ಓಡಿಸಿದ್ದೆ.

ದಾರಿ ತೋರಿಸಿದ್ದು ಏಳು ವರ್ಷದ ಒಂದು ಹುಡುಗಿ.

ಅವಳು ಬಂದಿದ್ದು ಲಂಗದ ಅಳತೆ ಕೊಡಲು. ಕೈಯಲ್ಲಿ ಪಂಚತಂತ್ರದ ಚಿತ್ರಪುಸ್ತಕ. ಮಂಗ ಮತ್ತು ಮೊಸಳೆ ಕಥೆ. ನಾನು ಟೇಪ್ ಹಿಡಿದು ಅಳತೆ ತೆಗೆಯುತ್ತ ಸುಮ್ನೆ ಕೇಳಿದೆ, "ಓದ್ತಾ ಓದ್ತಾ ಎಲ್ಲಾದರೂ ನಿಲ್ಲಿಸಿ ತಲೆ ಎತ್ತಿದೆಯಾ ಪುಟ್ಟ?" ಅವಳು ತಕ್ಷಣ ಹೇಳಿದಳು. "ಹೂಂ ಆಂಟಿ. ಮೊಸಳೆ ಹೆಂಡತಿ ನೇರಳೆ ಹಣ್ಣು ತಿಂತಾಳಲ್ಲ, ಅಲ್ಲಿ. ಮೊಸಳೆ ದಿನಾ ಮರದ ಹತ್ತಿರ ಹೋಗ್ತದೆ, ಮಂಗನ ಜೊತೆ ಮಾತಾಡ್ತದೆ. ಅವಳನ್ನ ಒಂದು ದಿನಾನೂ ಕರ್ಕೊಂಡು ಹೋಗಲಿಲ್ಲ. ಕರ್ಕೊಂಡು ಹೋಗಿದ್ರೆ ಅವಳೂ ಮಂಗನ ಫ್ರೆಂಡ್ ಆಗ್ತಿದ್ಲು. ಹೃದಯ ಕೇಳ್ತಿರಲಿಲ್ಲ."

ನಾನು ಟೇಪ್ ಕೆಳಗಿಟ್ಟೆ. ಆ ಕಥೆ ನನಗೆ ಚಿಕ್ಕಂದಿನಿಂದ ಗೊತ್ತು. ಮಂಗ ಜಾಣ, ಮೊಸಳೆ ದಡ್ಡ, ಅವನ ಹೆಂಡತಿ ಆಸೆಬುರುಕಿ, ಇಷ್ಟೇ ನನಗೆ ಕಲಿಸಿದ್ದು. ಮನೆಯಲ್ಲಿ ಒಬ್ಬಳೇ ಕೂತ ಆ ಮೊಸಳೆಯ ಹೆಂಡತಿಯನ್ನು ನಾನು ಯಾವತ್ತೂ ನೋಡಿರಲಿಲ್ಲ. ಅವಳ ಮಾತನ್ನು ಮರೆಯಬಾರದು ಎಂದು ಕೈಗೆ ಸಿಕ್ಕ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ಹೆಸರು, ವಯಸ್ಸು 7, ಪುಸ್ತಕ, ಅವಳು ಹೇಳಿದ ಮಾತು.

ಅಲ್ಲಿಂದ ಮುಂದೆ ಎಲ್ಲರಿಗೂ ಅದೊಂದೇ ಪ್ರಶ್ನೆ. ಎಲ್ಲಿ ಓದು ನಿಲ್ಲಿಸಿ ತಲೆ ಎತ್ತಿದಿರಿ? "ಪುಸ್ತಕ ಹೇಗಿತ್ತು" ಎಂದರೆ ಜನ ಪರೀಕ್ಷೆಗೆ ನಿಂತ ಹಾಗೆ ಆಗುತ್ತಾರೆ. "ಎಲ್ಲಿ ತಲೆ ಎತ್ತಿದಿರಿ" ಎಂದರೆ ಅವರಿಗೆ ಒಂದು ಜಾಗ ನೆನಪಾಗುತ್ತದೆ. ಆ ಜಾಗ ಹೇಳಿದ ಮೇಲೆ ಯಾಕೆ ಎಂದು ಹೇಳದೆ ಇರಲು ಆಗುವುದಿಲ್ಲ. ಅಲ್ಲಿಂದ ಅಭಿಪ್ರಾಯ ತಾನಾಗಿ ಬರುತ್ತದೆ.

ಉಳಿದ ಕ್ರಮಗಳು ಒಂದೊಂದಾಗಿ ಸೇರಿಕೊಂಡವು. ಕಥೆಯ ಕೊನೆ ಹೇಳಬಾರದು. ಬೆಲ್ಲದ ಕಾಫಿ ಒಂದೊಂದು ಲೋಟ ಕೊಡುತ್ತೇನೆ, ಲೋಟ ಖಾಲಿಯಾಗುವಷ್ಟು ಹೊತ್ತು ಒಬ್ಬರ ಮಾತು. ಇಷ್ಟವಾದದ್ದನ್ನೇ ತರಬೇಕು, ಓದಲೇಬೇಕಾದ ಪುಸ್ತಕ ಎಂದು ಯಾರೂ ಹೇಳಿಕೊಟ್ಟದ್ದನ್ನಲ್ಲ. ಮನೆಯಲ್ಲಿ ಯಾವ ಮಾತು ಆಡುತ್ತಾರೋ ಆ ಮಾತಿನಲ್ಲೇ ಹೇಳಬಹುದು. ಇದು ತುಂಬ ಮುಖ್ಯವಾಯಿತು. ನಮ್ಮ ಬೆಂಚಿನಲ್ಲಿ ಕೊಡವ ತಕ್ಕ್ ಇದೆ, ಅರೆಭಾಷೆ ಇದೆ, ತುಳು, ಮಲಯಾಳ ಎಲ್ಲ ಇದೆ. ಓದುವುದು ಕನ್ನಡದಲ್ಲಿ, ಆದರೆ ಮನಸ್ಸಿಗೆ ತಾಗಿದ್ದು ಹೊರಗೆ ಬರುವುದು ಅಮ್ಮನ ಮಾತಿನಲ್ಲಿ. ಪಕ್ಕದವರು ತಿಳಿಸಿ ಹೇಳುತ್ತಾರೆ. ಐದು ಗಂಟೆಯೊಳಗೆ ಮುಗಿಸಿಬಿಡುತ್ತೇವೆ, ಯಾಕೆಂದರೆ ಸಂಜೆ ರಸ್ತೆಗೆ ಆನೆ ಇಳಿಯುತ್ತದೆ. ಪುಸ್ತಕ ಸಾಲದಾದಾಗ ಪಂಚಾಯಿತಿ ಲೈಬ್ರರಿ ಕೈ ಹಿಡಿಯಿತು. 2020ರಲ್ಲಿ ಶುರುವಾದ 'ಓದುವ ಬೆಳಕು' ಯೋಜನೆಯಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಗುತ್ತದೆ. ನಮ್ಮ ಮಕ್ಕಳು ಬಹಳ ಜನ ಅದನ್ನು ಮಾಡಿಸಿಯೇ ಇರಲಿಲ್ಲ. ಒಟ್ಟಿಗೆ ಹೋಗಿ ಮಾಡಿಸಿದೆವು.

ಸೆಪ್ಟೆಂಬರ್‌ನಲ್ಲಿ ಹೆಂಗಸರೆಲ್ಲ ಸೇರಿ ಕೊಡಗಿನ ಗೌರಮ್ಮನ ಕಥೆಗಳನ್ನು ಹಿಡಿದರು. ಗೌರಮ್ಮ ಹುಟ್ಟಿದ್ದು 1912ರಲ್ಲಿ ಮಡಿಕೇರಿಯಲ್ಲಿ. ಮದುವೆಯಾಗಿ ಬಂದದ್ದು ಸುಂಟಿಕೊಪ್ಪದ ಹತ್ತಿರದ ಗುಂಡುಗುತ್ತಿ ತೋಟಕ್ಕೆ. 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂದು ಹೆಸರು ಹಾಕಿ ಕಥೆ ಬರೆಯುತ್ತಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಉಪವಾಸ ಕೂತು ಅವರನ್ನು ಮನೆಗೆ ಕರೆಸಿಕೊಂಡು, ಮೈಮೇಲಿದ್ದ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟವರು. 1939ರಲ್ಲಿ ಈಜಲು ಹೋಗಿ ನೀರಿನ ಸುಳಿಗೆ ಸಿಕ್ಕಿ ತೀರಿಕೊಂಡರು. ಆಗ ಅವರಿಗೆ ಬರೀ 27 ವರ್ಷ. ಇದೆಲ್ಲ ಗೊತ್ತಿದ್ದವರು ನಮ್ಮಲ್ಲಿ ಅಜ್ಜ ಒಬ್ಬರೇ. ನಾವು ದಿನಾ ಓಡಾಡುವ ದಾರಿಯಲ್ಲಿ ಓಡಾಡಿದ ಒಬ್ಬ ಹುಡುಗಿ ಇಷ್ಟು ಬರೆದಿದ್ದಾಳೆ ಎಂದು ತಿಳಿದಾಗ ಹೆಂಗಸರು ಪುಸ್ತಕವನ್ನು ಹಿಡಿಯುವ ರೀತಿಯೇ ಬದಲಾಯಿತು.

ಮದುವೆ ಬ್ಲೌಸ್ ಹೊಲಿಸಲು ಬಂದ ಹುಡುಗಿ 'ಕಂಬನಿ' ಸಂಕಲನವನ್ನು ಎರಡು ಸಲ ಓದಿದಳು. ಅವಳ ಮಾತು ಅಳತೆ ಪುಸ್ತಕದಲ್ಲಿ ಹೀಗಿದೆ: "ಇವರು ಯಾರನ್ನೂ ಬೈಯುವುದಿಲ್ಲ. ಬೈಯದೆ ಎಲ್ಲ ಹೇಳಿಬಿಡ್ತಾರೆ. ವಯಸ್ಸು 24." 'ಅಪರಾಧಿ ಯಾರು?' ಎಂಬ ಕಥೆಯ ಬಗ್ಗೆ ಇನ್ನೊಬ್ಬ ಅಕ್ಕ, "ಹೆಸರಲ್ಲೇ ನಮ್ಮನ್ನ ಕೇಳ್ತಾಳೆ ನೋಡು, ಉತ್ತರ ಅವಳಿಗೂ ಗೊತ್ತು, ನಮಗೂ ಗೊತ್ತು" ಎಂದರು. ಅವರ ವಯಸ್ಸು 52. ಆ ದಿನ ಕಾಫಿ ಆರಿ ತಣ್ಣಗಾದರೂ ಮಾತು ನಿಲ್ಲಲಿಲ್ಲ. ನಾನೂ ನಿಲ್ಲಿಸಲಿಲ್ಲ.

ಅಜ್ಜನಿಗೂ ಕಾಲೇಜು ಹುಡುಗಿಗೂ ಜಗಳವಾಗಿದ್ದು ನವೆಂಬರ್‌ನಲ್ಲಿ. ಮಾಸ್ತಿಯವರ 'ಚಿಕವೀರ ರಾಜೇಂದ್ರ' ವಿಷಯಕ್ಕೆ. 1956ರಲ್ಲಿ ಬಂದ ಕಾದಂಬರಿ, ಜ್ಞಾನಪೀಠ ತಂದುಕೊಟ್ಟ ಪುಸ್ತಕ. ಕೊಡಗಿನ ಕೊನೆಯ ಅರಸನ ಕಥೆ. ಅಜ್ಜನಿಗೆ ಅದರ ಮೇಲೆ ಪ್ರೀತಿಯೂ ಇದೆ, ಕೋಪವೂ ಇದೆ. "ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂದ್ರೆ ಜನ ಅದನ್ನೇ ಚರಿತ್ರೆ ಅಂದುಕೊಂಡ್ರು. ಅರಸ ಕುಡುಕ, ಕ್ರೂರಿ, ಮಂತ್ರಿ ಕುಂಟ ಬಸವ ಹೇಳಿದ ಹಾಗೆ ಕುಣಿಯುವವ. ಇಂಗ್ಲಿಷರು 1834ರಲ್ಲಿ ರಾಜ್ಯ ಕಿತ್ತುಕೊಂಡರಲ್ಲ, ಕಿತ್ತುಕೊಂಡವರು ಬರೆದಿಟ್ಟ ಕಾಗದ ನಂಬೋದು ಎಷ್ಟು?" ಎಂದರು. ಹುಡುಗಿ ಬಿಡಲಿಲ್ಲ. "ಅಜ್ಜ, ನಾನು ತಲೆ ಎತ್ತಿದ್ದು ಅರಸನ ಹತ್ತಿರ ಅಲ್ಲ, ರಾಣಿ ಗೌರಮ್ಮಾಜಿ ಹತ್ತಿರ. ಅರಮನೆಯಲ್ಲಿ ಅಷ್ಟು ಅನ್ಯಾಯ ಆಗುವಾಗ ಅವಳು ಗಂಡನನ್ನೂ ಬಿಡೋ ಹಾಗಿಲ್ಲ, ಜನರನ್ನೂ ಬಿಡೋ ಹಾಗಿಲ್ಲ. ಅದು ಸುಳ್ಳು ಅಂತ ಹೇಳ್ತೀರಾ?"

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ರಾಜ್ಯ ಹೋದ ಮೇಲೆ ನಡೆದದ್ದನ್ನು ಹೇಳಿದರು. ಅರಸ ಕಾಶಿಗೆ ಹೋದದ್ದು, ಅಲ್ಲಿಂದ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದ್ದು. 1852ರಲ್ಲಿ ಆ ಮಗುವಿಗೆ ದೀಕ್ಷಾಸ್ನಾನ ಮಾಡಿಸಿ ವಿಕ್ಟೋರಿಯಾ ರಾಣಿ ತನ್ನ ಹೆಸರನ್ನೇ ಕೊಟ್ಟದ್ದು. ಅರಸ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡದ್ದು. ಹೇಳುತ್ತ ಹೇಳುತ್ತ ಅವರ ದನಿ ತಗ್ಗಿತು. ಹುಡುಗಿ ತನ್ನ ಲೋಟದ ಕಾಫಿಯನ್ನು ಅವರ ಕಡೆ ಸರಿಸಿದಳು. ಯಾರ ಮಾತು ಸರಿ ಎಂದು ತೀರ್ಮಾನವಾಗಲಿಲ್ಲ. ನಾನು ಇಬ್ಬರ ಮಾತನ್ನೂ ಒಂದರ ಕೆಳಗೊಂದು ಬರೆದಿಟ್ಟಿದ್ದೇನೆ. ವಯಸ್ಸು 81. ವಯಸ್ಸು 19. ನನಗೆ ಆ ಹಾಳೆ ಎಲ್ಲಕ್ಕಿಂತ ಇಷ್ಟ.

ಡಿಸೆಂಬರ್‌ನಿಂದ ಫೆಬ್ರವರಿ ಕಾಫಿ ಕುಯ್ಲು. ಯಾರಿಗೂ ಪುರುಸೊತ್ತಿಲ್ಲ. ಓದುವ ಬಳಗ ಮೂರು ತಿಂಗಳು ಸೇರಲಿಲ್ಲ. ಜೇನು ಪೆಟ್ಟಿಗೆ ಇಟ್ಟಿರುವ ಒಬ್ಬರು ಮಾತ್ರ ತೇಜಸ್ವಿಯವರ 'ಕರ್ವಾಲೊ' ತೆಗೆದುಕೊಂಡು ಹೋಗಿ, ಮಂದಣ್ಣ ಜೇನು ಹಿಡಿಯುವ ಭಾಗ ಓದಿ, ಅಂಗಡಿಗೆ ಬಂದು ಒಂದು ಗಂಟೆ ಮಾತಾಡಿ ಹೋದರು. ತೊಂಬತ್ತರ ದಶಕದ ಶುರುವಿನಲ್ಲಿ ರೋಗ ಬಂದು ಅವರ ಪೆಟ್ಟಿಗೆಗಳೆಲ್ಲ ಖಾಲಿಯಾಗಿದ್ದವಂತೆ. "ಜೇನು ಗೊತ್ತಿದ್ದವ ಬರೆದದ್ದು ಅಂತ ಮೊದಲ ಪುಟಗಳಲ್ಲೇ ತಿಳೀತು" ಎಂದರು.

ಮಾರ್ಚ್‌ನಲ್ಲಿ ಹೂಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗೆ ಅರಳಿದ ವಾರ ಮತ್ತೆ ಸೇರಿದೆವು. ಆ ಸಲ ಹೊಸಬರೊಬ್ಬರು ಬಂದಿದ್ದರು. ಪಕ್ಕದ ತೋಟದ ಲೈನ್ ಮನೆಯ, ಅಂದರೆ ಕೂಲಿಯವರ ಸಾಲುಮನೆಯ, ಅಕ್ಕ. ಹಳೆ ಸೀರೆಗೆ ಫಾಲ್ಸ್ ಹಾಕಿಸಲು ಬಂದವರು, ಜನ ಕೂತಿದ್ದು ನೋಡಿ ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಎಂದೆ. "ನಂಗೆ ಓದೋಕೆ ಬರಲ್ಲ" ಎಂದರು. ನಾವು ಓದಿ ಹೇಳುತ್ತೇವೆ, ಕೇಳಿ ಎಂದು ಕಾಲೇಜು ಹುಡುಗಿ ಕೈ ಹಿಡಿದು ಕೂರಿಸಿದಳು.

ಅವತ್ತು ಕೈಗೆತ್ತಿಕೊಂಡಿದ್ದು ಶಿವರಾಮ ಕಾರಂತರ 'ಚೋಮನ ದುಡಿ'. 1933ರಲ್ಲಿ ಬಂದ ಸಣ್ಣ ಕಾದಂಬರಿ. ಮಾವನವರ ಟ್ರಂಕಿನ ಪ್ರತಿ. ಮೂರು ಶನಿವಾರ ಗಟ್ಟಿಯಾಗಿ ಓದಿ ಮುಗಿಸಿದೆವು. ನಾನು ಸ್ವಲ್ಪ, ಹುಡುಗಿ ಸ್ವಲ್ಪ, ಎಂಟನೇ ಕ್ಲಾಸಿನ ಒಬ್ಬ ಹುಡುಗ ಸ್ವಲ್ಪ.

ದುಡಿ ಎಂದರೆ ಕೈಯಲ್ಲಿ ಹಿಡಿಯುವ ಸಣ್ಣ ಚರ್ಮವಾದ್ಯ. ಆ ಮಾತು ಬಂದ ಕೂಡಲೇ ಅಜ್ಜ ತಡೆದರು. ನಮ್ಮ ಕೊಡವರಿಗೂ ದುಡಿ ಬೇಕು, ಸುಗ್ಗಿ ಹಬ್ಬ ಪುತ್ತರಿಗೂ ಬೇಕು, ಮದುವೆಗೂ ಬೇಕು, ಸಾವಿನ ಮನೆಯಲ್ಲೂ ಬೇಕು ಎಂದರು. ನಾಲ್ಕು ಜನ ಕೂತು ದುಡಿ ಬಡಿದು ಹಾಡುವುದನ್ನು ನೆನೆದರು. "ನಮ್ಮ ದುಡಿಗೆ ಪಕ್ಕದಲ್ಲಿ ಇನ್ನೂ ಮೂರು ಜನ ಇರ್ತಾರೆ. ಚೋಮ ಒಬ್ಬನೇ ಬಡೀತಾನೆ. ನಾನು ತಲೆ ಎತ್ತಿದ್ದು ಅಲ್ಲಿ" ಎಂದರು. ಆ ಪುಸ್ತಕದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದರಷ್ಟು ಆಳವಾದದ್ದು ಇನ್ನೊಂದಿಲ್ಲ.

ಚೋಮನಿಗೆ ಒಂದು ತುಂಡು ಭೂಮಿ ಸಾಗುವಳಿ ಮಾಡುವ ಆಸೆ. ಎತ್ತು ಸಾಕಿಕೊಂಡಿದ್ದಾನೆ. ಹೊಲ ಇಲ್ಲ. ತಲೆಯ ಮೇಲೆ ಕಾಫಿ ತೋಟದ ಸಾಲ. ಅದನ್ನು ತೀರಿಸಲು ಮಕ್ಕಳು ಘಟ್ಟ ಹತ್ತಬೇಕು. ಆ ಭಾಗ ಬಂದಾಗ ಓದುತ್ತಿದ್ದವನು ಎಂಟನೇ ಕ್ಲಾಸಿನ ಹುಡುಗ. ನಾನು ಮೆಷಿನ್ ನಿಲ್ಲಿಸಿ ಕೇಳುತ್ತಿದ್ದೆ. ಅಂಗಡಿ ಪೂರ್ತಿ ಸದ್ದಿಲ್ಲ. ಹುಡುಗ ಪುಟ ತಿರುವಿ, "ಆಂಟಿ, ಇಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಾರೆ" ಎಂದ.

ಹೋಗಿ ನೋಡಿದೆ. ತೋಟದ ಸಾಲದ ಮಾತು ಬರುವ ಕಡೆ, ಅಂಚಿನಲ್ಲಿ ನೇರವಾಗಿ ಒಂದು ಗೆರೆ. ಸ್ಕೇಲ್ ಇಟ್ಟು ಎಳೆದ ಹಾಗೆ. ಮಾವ ಚೆಕ್‌ರೋಲ್‌ನಲ್ಲಿ ಎಳೆಯುತ್ತಿದ್ದ ಗೆರೆಯೇ ಅದು. ಇಡೀ ಪುಸ್ತಕದಲ್ಲಿ ಅದೊಂದೇ ಗುರುತು. ಮೂವತ್ತು ವರ್ಷ ಬೇರೆಯವರ ಹಾಜರಿ, ಬೇರೆಯವರ ಮುಂಗಡ, ಬೇರೆಯವರ ಕಡಿತ ಬರೆದ ಕೈ. ರಾತ್ರಿ ಬುಡ್ಡಿ ದೀಪದಲ್ಲಿ ಕೂತು ಅವರು ಅಲ್ಲಿ ತಲೆ ಎತ್ತಿದ್ದರು. ಅದನ್ನು ಯಾರಿಗೂ ಹೇಳಿರಲಿಲ್ಲ. ಅವರಿದ್ದಾಗ ನಾನೂ ಕೇಳಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದು, ಮಾವ ಏನು ಓದುತ್ತಿದ್ದೀರಿ, ಹೇಗಿದೆ ಎಂದು ಒಂದು ದಿನ ಕೇಳಲಿಲ್ಲ. ಮನೆಗೆ ಹೋಗಿ ಅತ್ತೆಗೆ ಆ ಪುಟ ತೋರಿಸಿದೆ. ಅತ್ತೆ ಗೆರೆಯ ಮೇಲೆ ಬೆರಳಾಡಿಸಿ, "ಕೂಲಿಯವರ ಸಂಬಳದಲ್ಲಿ ಮುಂಗಡ ಕಡಿಯುವ ದಿನ ಅವರು ಸರಿಯಾಗಿ ಊಟ ಮಾಡ್ತಿರಲಿಲ್ಲ" ಎಂದರು.

ಮೂರನೇ ಶನಿವಾರ ಪುಸ್ತಕ ಮುಗಿಯಿತು. ಎಲ್ಲರೂ ಒಂದೊಂದು ಮಾತು ಹೇಳಿದರು. ಲೈನ್ ಮನೆಯ ಅಕ್ಕ ಕೊನೆಗೆ ಉಳಿದರು. ಒತ್ತಾಯ ಮಾಡಬಾರದು ಎಂದು ನಾನು ಲೋಟ ಎತ್ತಲು ಹೊರಟೆ. ಅವರೇ ಬಾಯಿ ತೆರೆದರು. "ಚೋಮ ಸಾಲ ತಗೊಂಡ. ತಗೊಂಡದ್ದು ಅವನಿಗೆ ಗೊತ್ತು. ಆದ್ರೆ ಲೆಕ್ಕ ಅವನ ಕೈಯಲ್ಲಿ ಇಲ್ಲ. ಎಷ್ಟು ತೀರಿತು, ಎಷ್ಟು ಉಳೀತು, ಬೇರೆಯವರು ಹೇಳಿದ್ದೇ ಲೆಕ್ಕ. ಅವನು ಮಕ್ಕಳನ್ನ ಕಳಿಸಿದ್ದು ತಪ್ಪು ಅಂತ ಈ ಹುಡುಗ ಹೇಳಿದ. ತಪ್ಪಲ್ಲ ಮಗ. ಕಳಿಸದೆ ಇದ್ರೆ ಏನಾಗ್ತದೆ ಅಂತ ಅವನಿಗೆ ಗೊತ್ತಿತ್ತು."

ನಾನು ಅಳತೆ ಪುಸ್ತಕ ತೆಗೆದು ಬರೆದೆ. ವಯಸ್ಸು ಎಷ್ಟು ಹಾಕಲಿ ಅಕ್ಕ ಎಂದೆ. "ಐವತ್ತು ಹಾಕು. ಐವತ್ತೈದೂ ಇರಬಹುದು" ಎಂದರು. ಆಮೇಲೆ ಹತ್ತಿರ ಬಂದು, ಏನು ಬರೆದೆ, ಓದು ಎಂದರು. ಓದಿದೆ. ಅವರು ತಲೆ ಅಲ್ಲಾಡಿಸಿದರು.

"'ಲೆಕ್ಕ ಅವನಿಗೆ ಗೊತ್ತಿಲ್ಲ' ಅಂತ ಬರೆದಿದ್ದೀಯ. ನಾನು ಹಾಗೆ ಹೇಳಲಿಲ್ಲ. ಲೆಕ್ಕ ಅವನಿಗೆ ಗೊತ್ತುಂಟು. ಅವನ ಕೈಯಲ್ಲಿ ಇಲ್ಲ. ಅದನ್ನ ಹೊಡೆದು ಹಾಕು."

ಹೊಡೆದು ಹಾಕಿ ಅವರು ಹೇಳಿದ ಹಾಗೆಯೇ ಬರೆದು, ಮತ್ತೊಮ್ಮೆ ಓದಿ ಹೇಳಿದೆ.

"ಹೂಂ, ಈಗ ಸರಿ" ಎಂದರು. ಸೀರೆಯ ಕವರ್ ಎತ್ತಿಕೊಂಡು ಮೆಟ್ಟಿಲಿಳಿದವರು ತಿರುಗಿ ಕೇಳಿದರು, "ಮುಂದಿನ ಸಲ ಯಾವ ಪುಸ್ತಕ?"